ನನ್ನ ಚೀಲದ ಮಂಡಕ್ಕಿ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ನಾನು ಒಂದು ತೆಂಗಿನಕಾಯಿಯನ್ನೂ ಎತ್ತಿರಲಿಲ್ಲ. ಆಗದೆ ಅಲ್ಲ, ಬಿಡುವವರಿಲ್ಲದೆ. ಕೊಡಪಾನ ಮುಟ್ಟಿದರೆ ಅಡುಗೆಮನೆಯಿಂದ ಹೆಂಡತಿ ಓಡಿ ಬರುತ್ತಿದ್ದಳು. ಕಾಲೇಜಿನಲ್ಲಿ ಪಾಠ ಮಾಡಲು ನಿಂತರೆ ಹಿಂದಿನಿಂದ ಯಾರಾದರೊಬ್ಬರು ಕುರ್ಚಿ ಎಳೆದು ತರುತ್ತಿದ್ದರು. "ಸುಸ್ತಾಗ್ತದಾ ಸರ್?" ಎಂಬ ಪ್ರಶ್ನೆ ಕೇಳಿ ಕೇಳಿಯೇ ನಾನು ಸುಸ್ತಾಗಿದ್ದೆ. ನನಗೆ ಚಿಕಿತ್ಸೆ ಮಾಡಿದ ಡಾಕ್ಟರೇ "ನಿಧಾನಕ್ಕೆ ಸೈಕಲ್ ತುಳೀರಿ, ಏನೂ ಆಗುದಿಲ್ಲ" ಎಂದಿದ್ದರು. ಆದರೆ ಡಾಕ್ಟರ ಮಾತನ್ನು ಊರಿನಲ್ಲಿ ಕೇಳುವವರು ಯಾರು?

ಹಾಗಾಗಿ ಆಗುಂಬೆ ಹತ್ತಿ ಜೋಗದವರೆಗೆ ಸೈಕಲಿನಲ್ಲಿ ಹೋಗುವ ಮಾತು ಬಂದಾಗ ನಾನು ಹಾಕಿದ್ದು ಒಂದೇ ಷರತ್ತು. ಹಿಂದೆ ಕಾರು ಬರಬಾರದು, ಅವರವರ ಸಾಮಾನು ಅವರವರೇ ಹೊರಬೇಕು, ಮೂವರಿಗೂ ಸಮಪಾಲು. ನನ್ನ ಹೊರೆ ನಾನೇ ಹೊತ್ತು ಜೋಗ ಮುಟ್ಟಿದರೆ ಮತ್ತೆ ನಾನು ಮೊದಲಿನ ಮನುಷ್ಯ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಮೂವರು ಅಂದರೆ ನಾನು ಮತ್ತು ಶಾಲೆಯಿಂದಲೂ ಜೊತೆಗಿರುವ ಇಬ್ಬರು. ಒಬ್ಬ ಬ್ಯಾರಿ ಮುಸ್ಲಿಮ, ಗಲ್ಫಿನಿಂದ ಮರಳಿ ಬಂಟ್ವಾಳ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವನು. ಇನ್ನೊಬ್ಬನದು ಮೂಡಬಿದ್ರೆಯಲ್ಲಿ ಹೋಟೆಲು. ಇವರ ಜೊತೆ ತಯಾರಿ ಮಾಡುವುದೆಂದರೆ ದೇವರಿಗೇ ಪ್ರೀತಿ. ಅಂಗಡಿಯವನಿಗೆ ಕುಚ್ಚಲಕ್ಕಿ ಗಂಜಿಯೇ ಆಗಬೇಕು. ಅದು ಬೇಯುವಷ್ಟರಲ್ಲಿ ನಮ್ಮ ಪುಟ್ಟ ಸಿಲಿಂಡರೇ ಮುಗಿಯುತ್ತದೆ ಎಂದು ಒಂದು ವಾರ ವಾದಿಸಿ ಅವಲಕ್ಕಿಗೆ ಒಪ್ಪಿಸಿದೆ. ಅಷ್ಟರಲ್ಲಿ ಹೋಟೆಲಿನವನು ಕಬ್ಬಿಣದ ಕಾವಲಿ ಹಿಡಿದುಕೊಂಡು ಬಂದ.

"ಇದೆಂತಕ್ಕೆ?"

"ನೀರುದೋಸೆಗೆ. ಅವಲಕ್ಕಿ ತಿಂದು ಜೋಗ ನೋಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ."

"ರುಬ್ಬುವ ಕಲ್ಲೂ ತರ್ಬಹುದಿತ್ತಲ್ಲ!"

"ಸೈಕಲಿಗೆ ಕಟ್ಲಿಕ್ಕೆ ಆಗುದಿಲ್ಲ," ಎಂದ, ಗಂಭೀರವಾಗಿ. ಅದನ್ನೂ ಯೋಚಿಸಿ ನೋಡಿದ್ದನೆಂದು ಕಾಣುತ್ತದೆ.

ಹೊರಡುವ ಹಿಂದಿನ ಸಂಜೆ ಅಂಗಡಿಯ ತಕ್ಕಡಿಯಲ್ಲಿಟ್ಟು ಎಲ್ಲವನ್ನೂ ತೂಗಿ ಪಾಲು ಮಾಡಿದೆವು. ಟೆಂಟು, ಒಲೆ ಮತ್ತು ಆ ದರಿದ್ರ ಕಾವಲಿ ನನ್ನ ಪಾಲಿಗೆ ಬಂದವು. ಬೈದುಕೊಂಡೇ ತುಂಬಿಸಿದೆ. ಒಳಗೊಳಗೆ ಮಾತ್ರ ಖುಷಿಯಾಗಿತ್ತು. ಸೈಕಲ್ಲು, ಚೀಲಗಳನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಮಲಗಿದೆ.

ಬೆಳಿಗ್ಗೆ ಹೋಗುವಾಗ ಚೀಲಗಳು ಆಗಲೇ ಸೈಕಲ್ಲುಗಳ ಎರಡೂ ಬದಿಗೆ ತೂಗಿಕೊಂಡಿದ್ದವು. ಹತ್ತಿ ತುಳಿದೆ. ಏನು ಹೇಳಲಿ, ಸೈಕಲ್ಲು ತಾನಾಗಿಯೇ ಓಡಿತು! ಕಾಲಿಗೆ ಇಷ್ಟು ಶಕ್ತಿ ಉಂಟೆಂದು ನನಗೇ ಗೊತ್ತಿರಲಿಲ್ಲ. ಪುಂಜಾಲಕಟ್ಟೆ ದಾಟುವಾಗ ಇಬ್ಬರೂ ಬಹಳ ಹಿಂದೆ ಬಿದ್ದು ಏದುಸಿರು ಬಿಡುತ್ತಿದ್ದರು. ನಾನು ನಿಂತು, ತಿರುಗಿ, "ಎಂತ, ಸುಸ್ತಾಗ್ತದಾ?" ಎಂದು ಕೇಳಿದೆ. ಜನ್ಮ ಸಾರ್ಥಕವಾದಂತಾಯಿತು.

ಬಂಟ್ವಾಳದಿಂದ ಆಗುಂಬೆ ದಾರಿಯ ಮೂಡಬಿದ್ರೆಗೆ ಸಿದ್ಧಕಟ್ಟೆ ಮೇಲಾಗಿ ನೆಟ್ಟಗೆ ರಸ್ತೆ ಉಂಟು. ಆದರೆ ಗುರುವಾಯನಕೆರೆ ಮೇಲಾಗಿಯೇ ಹೋಗುವ ಎಂದು ಹಟ ಹಿಡಿದವನು ಅಂಗಡಿಯವನು. ಆಗಲಿ ಎಂದಿದ್ದೆ. ಅಲ್ಲಿ ಎಡಕ್ಕೆ ತಿರುಗಬೇಕಾದಲ್ಲಿ ಅವನು ಸೀದಾ ಬೆಳ್ತಂಗಡಿಗೆ ಬಿಟ್ಟ. ತಂಗಿಯ ಮನೆಯಲ್ಲಿ ಒಂದು ಲೋಟ ಶರಬತ್ತು ಕುಡಿಯದೆ ಹೋದರೆ ಅವಳಿಗೆ ಬೇಜಾರಾಗುತ್ತದಂತೆ. ಶರಬತ್ತು ಬಂತು. ಜೊತೆಗೆ ತಂಗಿಯ ಮಗನೂ ಬಂದ. ಡಾಕ್ಟರು. ಕೈಯಲ್ಲಿ ಬಿಪಿ ನೋಡುವ ಯಂತ್ರ.

"ಸುಮ್ನೆ ಒಂದು ಸಲ ನೋಡುವ ಅಂಕಲ್. ಮಾಮ ಹೇಳಿದ್ರು."

ಮಾಮ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದ. ಪರರ ಮನೆ, ಎದುರಿಗೆ ಹೆಂಗಸರು, ನಾನು ಎಂತ ಜಗಳ ಮಾಡುವುದು? ತೋಳು ಚಾಚಿ ಕೂತೆ. ಬಿಪಿ ಸರಿಯಾಗಿಯೇ ಇತ್ತು. ಅದು ಏರಿದ್ದು ಆಮೇಲೆ, ರಸ್ತೆಗೆ ಬಂದ ಮೇಲೆ.

ವೇಣೂರು ದಾಟುವವರೆಗೆ ನಾನು ಅವನ ಹತ್ತಿರ ಮಾತಾಡಲಿಲ್ಲ. ಮುಂದೆ ಉದ್ದದ ಏರು ಕಾಣಿಸಿತು. ಹತ್ತುವ ಮೊದಲು ಚಾ ಮಾಡುವ ಎಂದು ಮರದಡಿಯಲ್ಲಿ ನಿಂತು ಚೀಲಕ್ಕೆ ಕೈ ಹಾಕಿದೆ. ಇಬ್ಬರೂ ಒಟ್ಟಿಗೇ, "ಇರು ಇರು, ನಾನು ತೆಗೀತೇನೆ!" ಎಂದು ಓಡಿ ಬಂದರು. ಅಷ್ಟರಲ್ಲಿ ಜಿಪ್ಪು ತೆರೆದಾಗಿತ್ತು. ಒಳಗೆ ಟೆಂಟಿಲ್ಲ, ಒಲೆಯಿಲ್ಲ, ಕಾವಲಿಯೂ ಇಲ್ಲ. ಮಂಡಕ್ಕಿ! ಅಂಗಡಿಯ ಮಂಡಕ್ಕಿಯ ಪೊಟ್ಟಣಗಳನ್ನು ಒತ್ತಿ ಒತ್ತಿ ತುಂಬಿಸಿದ್ದರು. ಇನ್ನೊಂದು ಬದಿಯ ಚೀಲದಲ್ಲಿಯೂ ಅದೇ, ಮೇಲೆ ಮೈ ಒರೆಸುವ ನನ್ನದೊಂದು ಬೈರಾಸು.

ಬೆಳಿಗ್ಗೆಯಿಂದ ನಾನು ಮಂಡಕ್ಕಿ ಹೊತ್ತುಕೊಂಡು ಶೂರನ ಹಾಗೆ ಮೆರೆದಿದ್ದೆ. ಪೊಟ್ಟಣಗಳನ್ನು ತೆಗೆದು ರಸ್ತೆಬದಿಯ ಹುಲ್ಲಿನ ಮೇಲೆ ಒಗೆದೆ. ಹೋಟೆಲಿನವನ ಚೀಲದಿಂದ ಟೆಂಟು ಎಳೆದೆ, ಅಂಗಡಿಯವನ ಚೀಲದಿಂದ ಒಲೆ ಎಳೆದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ನಾನೇನು ಇವತ್ತೋ ನಾಳೆಯೋ ಹೋಗುವವನಾ? ನಿಮಗೆ ಜೊತೆಗೆ ಬೇಕಾದ್ದು ಮನುಷ್ಯನಾ, ಗಾಜಿನ ಭರಣಿಯಾ? ಹೋಟೆಲಿನವನು ತಲೆ ತಗ್ಗಿಸಿ ಪೊಟ್ಟಣ ಹೆಕ್ಕತೊಡಗಿದ. ಕಾವಲಿಗೆ ಕೈ ಹಾಕಿದಾಗ ಮಾತ್ರ ಅಂಗಡಿಯವನು ನನ್ನ ಮಣಿಕಟ್ಟು ಹಿಡಿದ.

"ಸಾಕು ಮಾಡ್ತೀಯಾ?" ಅವನು ಹಾಗೆ ಕಿರುಚಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಆ ದಿನ ಆಸ್ಪತ್ರೆಗೆ ಕಾರು ಓಡಿಸಿದ್ದು ಯಾರು? ನಾನು. ನೀನು ಹಿಂದಿನ ಸೀಟಲ್ಲಿ. ಫರಂಗಿಪೇಟೆಯಲ್ಲಿ ರೋಡ್ ಬ್ಲಾಕ್. ಕೂತಲ್ಲಿಂದ ನಿನ್ನ ಹೆಸ್ರು ಕರೆದೆ, ಕರೆದೆ. ನೀನು ಒಂದು ಹೂಂ ಅನ್ಲಿಲ್ಲ. ಯಾ ಅಲ್ಲಾ, ಸತ್ತೇ ಹೋದ ಅಂತ ಎಣಿಸಿದೆ. ನೀನು ನಿದ್ರೆ ಮಾಡಿ ಎದ್ದ ಹಾಗೆ ಎದ್ದಿ. ನಿಂಗೆ ಯಾವ್ದೂ ನೆನಪಿಲ್ಲ. ನಂಗೆ ಉಂಟು."

ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಆ ದಿನದ ಬಗ್ಗೆ ಅವನು ಇದುವರೆಗೆ ಹೇಳಿದ್ದು "ಬೇಗ ಮುಟ್ಟಿದೆವು" ಎಂದಷ್ಟೇ. ನಾನೂ ಹೆಚ್ಚು ಕೇಳಿರಲಿಲ್ಲ. ನನಗೆ ಸಿಟ್ಟು ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ.

"ಕಾವಲಿ ನೀನೇ ಇಟ್ಟುಕೋ," ಎಂದೆ. "ಟೆಂಟು, ಒಲೆ ನಾನು ಹೊರ್ತೇನೆ."

ಅವನು ಟೆಂಟು, ಒಲೆ ಎರಡನ್ನೂ ನನ್ನ ಚೀಲಕ್ಕೆ ತುರುಕಿ ಪಟ್ಟಿ ಬಿಗಿದ. ಹೋಟೆಲಿನವನು ಮುಂದೆ ಹೋದ, ನಡುವೆ ನಾನು, ಹಿಂದೆ ಇವನು. ಈಗ ಸೈಕಲ್ಲು ನಿಜವಾಗಿಯೂ ಭಾರವಾಗಿತ್ತು. ಸ್ವಲ್ಪ ದೂರ ತುಳಿದು, ಇಳಿದು, ತಳ್ಳತೊಡಗಿದೆ. ಅವನೂ ಇಳಿದ ಸದ್ದು ಕೇಳಿಸಿತು.

ಆಮೇಲೆ ಹಿಂದಿನಿಂದ ಮೆಲ್ಲಗೆ ನನ್ನ ಹೆಸರು ಕರೆದ. ಎಂತದೋ ಕೇಳಲಿಕ್ಕಿದೆ ಎಂದು ಕಾದೆ. ಏನೂ ಕೇಳಲಿಲ್ಲ.

"ಹೂಂ," ಎಂದೆ.

ಮುಂದಿನ ತಿರುವಿನಲ್ಲಿ ಮತ್ತೆ ಕರೆದ. ಮಾತಾಡುವಷ್ಟು ಉಸಿರು ನನ್ನಲ್ಲಿರಲಿಲ್ಲ. ಆದರೂ ಅವನಿಗೆ ಸರಿಯಾಗಿ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಹೂಂ ಮಾರಾಯ, ಹೂಂ."