ಶಾಬಾನನ ಕಾವಲಿಲ್ಲದ ಗದ್ದೆ

ನನ್ನಣ್ಣ ಶಾಬಾನನನ್ನು ಪತ್ರಿಕೆಯವರು ‘ಹಕ್ಕಿಗಳ ಗೆಳೆಯ’ ಎಂದು ಬರೆದರು. ಫೋಟೋ ಕೂಡ ಹಾಕಿದರು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ.

ನಾವು ಬಾತು ಹಿಡಿಯುವವರು. ಒಂದು ಕಡೆ ಕಾಡು, ಇನ್ನೊಂದು ಕಡೆ ಕ್ಯಾಸ್ಪಿಯನ್ ಸಮುದ್ರ, ನಡುವೆ ನಮ್ಮ ಭತ್ತದ ಗದ್ದೆಗಳು. ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ನೀರು ನಿಲ್ಲಿಸಿ, ಸುತ್ತ ಜೊಂಡಿನ ತಡಿಕೆ ಕಟ್ಟುತ್ತೇವೆ. ಸಾಕಿದ ಬಾತುಗಳು ಕಾಡುಬಾತುಗಳನ್ನು ಕರೆದು ತರುತ್ತವೆ, ನಾವು ಬಲೆ ಬೀಸುತ್ತೇವೆ. ಒಂದೇ ಒಂದು ಗುಂಡು ಹಾರಿದರೂ ಸಾಕು, ಹತ್ತು ಮನೆಯ ಚಳಿಗಾಲದ ಅನ್ನಕ್ಕೆ ಕಲ್ಲು ಬಿತ್ತೆಂದೇ ಲೆಕ್ಕ. ಅದಕ್ಕೇ ಹತ್ತು ಮನೆಯವರೂ ಕುರಾನಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆವು. ಬಂದೂಕು ಹಿಡಿದವನನ್ನು ಯಾರ ಗದ್ದೆಗೂ ಬಿಡಕೂಡದು, ಸರದಿಯ ಮೇಲೆ ಎಲ್ಲರೂ ಎಲ್ಲರ ಗದ್ದೆ ಕಾಯಬೇಕು. ನಮ್ಮಪ್ಪ ತೀರಿಕೊಂಡದ್ದು ಬಾತುಗಳ ಕಾಲದಲ್ಲಿ. ಹಕ್ಕಿ ಬೆದರೀತೆಂದು ಅಮ್ಮ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು.

ಅಪ್ಪನ ಗದ್ದೆ ಶಾಬಾನನಿಗೆ ಬಂತು, ಪಕ್ಕದ್ದು ನನಗೆ. ಅವನಂಥ ಕಿವಿ ಊರಲ್ಲಿ ಇನ್ನೊಬ್ಬರಿಗಿರಲಿಲ್ಲ. ತಡಿಕೆಯ ಹಿಂದೆ ಕಣ್ಣು ಮುಚ್ಚಿ ಕೂತು, ರೆಕ್ಕೆಯ ಸದ್ದಿನಲ್ಲೇ ಯಾವ ಬಾತು, ಎಷ್ಟು ಬಂದಿವೆ ಎಂದು ಹೇಳಿಬಿಡುತ್ತಿದ್ದ. ಅವನ ಗದ್ದೆಯ ಮೂಲೆಗೆ ಪ್ರತಿವರ್ಷ ಬಿಳಿ ಕ್ರೌಂಚದ ಒಂದು ಜೋಡಿ ಬಂದಿಳಿಯುತ್ತಿತ್ತು. ಮನುಷ್ಯನ ಎದೆಮಟ್ಟದ ಹಕ್ಕಿಗಳು. ಅವಕ್ಕೆ ಯಾರೂ ಬಲೆ ಬೀಸಿದವರಲ್ಲ. ಅವು ಬಂದಿಳಿಯುವ ತನಕ ಶಾಬಾನನಿಗೆ ಊಟ ಸೇರುತ್ತಿರಲಿಲ್ಲ. ನನಗೊಬ್ಬಳು ಸವತಿ ಇದ್ದಾಳೆ, ಕಾಲು ಮಾತ್ರ ಸ್ವಲ್ಪ ಉದ್ದ ಎಂದು ಅತ್ತಿಗೆ ಗುಲಂದಾಂ ನಗುತ್ತಿದ್ದಳು.

ಆಮೇಲೆ ಟೆಹರಾನಿನಿಂದ ಹಕ್ಕಿ ನೋಡುವವರು ಬರತೊಡಗಿದರು. ಅವರಲ್ಲಿ ಕಿಯಾನೂಷ್ ಎಂಬ ಎಂಜಿನಿಯರ್ ಒಬ್ಬನಿದ್ದ. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಲಿ. ದುರ್ಬೀನು ಕೈಯಲ್ಲಿದ್ದರೂ ಶಾಬಾನನ ಕಿವಿಯನ್ನೇ ನಂಬಿ ಬರೆದುಕೊಳ್ಳುತ್ತಿದ್ದ. ಒಂದು ಸಂಜೆ ಚಹಾ ಕುಡಿಯುತ್ತಾ ಕೇಳಿದ, ಇಷ್ಟು ಪ್ರೀತಿ ಇಟ್ಟುಕೊಂಡು ಅವುಗಳ ಕತ್ತು ಹೇಗೆ ಕುಯ್ಯುತ್ತೀಯ ಎಂದು. ಅಣ್ಣನಿಗೆ ಆ ಮಾತು ಮುಳ್ಳಿನಂತೆ ನಾಟಿತು. ಆ ವರ್ಷವೇ ಬಲೆ ಸುಟ್ಟ, ಸಾಕುಬಾತುಗಳನ್ನು ಮಾರಿದ, ಬಂದವರಿಗೆ ಹಕ್ಕಿ ಚೆನ್ನಾಗಿ ಕಾಣಲೆಂದು ತಡಿಕೆಯನ್ನೂ ಕಿತ್ತ.

"ಅಣ್ಣ, ಬಲೆ ಬೇಕಾದ್ರೆ ಬಿಡು, ಕಾವಲು ಬಿಡಬೇಡ" ಅಂದೆ.

"ಕೊಲ್ಲೋರು ನಾವೇ ಅಲ್ವೇನೋ? ನಾವೇ ಬಿಟ್ಮೇಲೆ ಇನ್ಯಾರಿಂದ ಕಾಯೋದು?" ಅಂದ.

ಮಸೀದಿಯ ಅಂಗಳದಲ್ಲಿ ಪಂಚಾಯ್ತಿ ಸೇರಿತು. ತಡಿಕೆ ಕಿತ್ತು ಪಟ್ಟಣದವರನ್ನು ತಂದು ಗದ್ದಲ ಎಬ್ಬಿಸಿದ್ದಾನೆಂದು ಎಲ್ಲರಿಗೂ ಸಿಟ್ಟು. ಬಲೆಯಿಲ್ಲದವನ ಗದ್ದೆಗೆ ನಮ್ಮ ಕಾವಲೂ ಇಲ್ಲ ಎಂದು ತೀರ್ಮಾನವಾಯಿತು. ಕೈ ಎತ್ತಿ ಎಂದರು. ಒಂಬತ್ತು ಕೈ ಎದ್ದವು. ಅದರಲ್ಲಿ ನನ್ನದೂ ಒಂದು. ಅನುಭವಿಸಲಿ, ಆಗ ಬುದ್ಧಿ ಬರುತ್ತದೆ ಅಂದುಕೊಂಡೆ.

ಮೊದಲ ಚಳಿಗಾಲ ಅವನದೇ ರಾಜ್ಯ. ಮನೆ ತುಂಬ ಹಕ್ಕಿ ನೋಡಲು ಬಂದ ಅತಿಥಿಗಳು, ಗುಲಂದಾಂಗೆ ಒಲೆಯ ಮುಂದಿನಿಂದ ಏಳಲು ಬಿಡುವಿಲ್ಲ. ಪತ್ರಿಕೆಯಲ್ಲಿ ಬಂದದ್ದು ಆಗಲೇ. ಎರಡನೆಯ ಚಳಿಗಾಲಕ್ಕೆ ಪಟ್ಟಣದ ಬಂದೂಕಿನವರಿಗೆ ವಾಸನೆ ಹತ್ತಿತು. ಶಾಬಾನ್ ಕೂಗುತ್ತಾ ಗದ್ದೆಯ ಆ ತುದಿಗೆ ಓಡುವಷ್ಟರಲ್ಲಿ ಈ ತುದಿಯಲ್ಲಿ ಗುಂಡು ಹಾರುತ್ತಿತ್ತು. ನಮ್ಮ ಗದ್ದೆಯ ಬಾತುಗಳೂ ಬೆದರಿ ಏಳುತ್ತಿದ್ದವು, ಆದರೂ ನಾವು ಒಂಬತ್ತು ಮನೆಯವರು ಪಟ್ಟು ಬಿಡಲಿಲ್ಲ. ಐವತ್ತೈದು ದಾಟಿದವನು, ಒಬ್ಬನೇ ಎಷ್ಟೆಂದು ಓಡಿಯಾನು? ನನ್ನ ಹತ್ತಿರ ಬಂದು ಸಹಾಯ ಕೇಳಲಿಲ್ಲ. ನಾನೂ ಕೇಳಲಿ ಅಂತಲೇ ಕಾದೆ.

ಜನವರಿಯ ಒಂದು ಬೆಳಿಗ್ಗೆ ಅವನು ಅತಿಥಿಗಳನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ನಾನು ನನ್ನ ತಡಿಕೆಯ ಹಿಂದಿದ್ದೆ. ಅವನ ಗದ್ದೆಯಲ್ಲಿ ಗುಂಡಿನ ಸದ್ದಾಯಿತು. ನಾನು ಏಳಲಿಲ್ಲ.

ಮಧ್ಯಾಹ್ನ ಎಂದಿನಂತೆ ಅಣ್ಣನ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆವು. ಪಟ್ಟಣದಲ್ಲಿ ಟೈರ್ ಅಂಗಡಿ ಇಟ್ಟವನೊಬ್ಬ ಬಾಗಿಲಿಗೆ ಬಂದ. ಮರ್ಯಾದಸ್ಥ, ಶೂ ಹೊರಗೇ ಬಿಟ್ಟ. ಕೈಯಲ್ಲಿ ಗೋಣಿಚೀಲ.

"ಶಾಬಾನ್ ಚಾಚಾ, ಪೇಪರಲ್ಲಿ ನಿಮ್ಮನ್ನ ನೋಡಿದ್ದೆ. ನಿಮಗೆ ಎಲ್ಲಾ ಹಕ್ಕಿನೂ ಗೊತ್ತಂತಲ್ಲ. ಇದ್ಯಾವುದು ಸ್ವಲ್ಪ ನೋಡಿ ಹೇಳಿ. ತಿನ್ನಬಹುದಾ?"

ಚೀಲದಿಂದ ಉದ್ದನೆಯ ಬಿಳಿ ರೆಕ್ಕೆ ಹೊರಗೆ ಜಾರಿತು. ಅಣ್ಣ ಅದನ್ನು ಮುಟ್ಟಲಿಲ್ಲ.

"ಎಲ್ಲಿ ಹೊಡೆದೆ?"

"ನಿಮ್ಮ ಗದ್ದೇಲೇ, ಚಾಚಾ. ಬೇರೆ ಕಡೆ ಕಾಲಿಟ್ರೆ ಆ ಬಲೆಯವರು ದೊಣ್ಣೆ ತಗೊಂಡು ಬರ್ತಾರೆ. ನಿಮ್ಮಲ್ಲಿ ಕೇಳೋರೇ ಇಲ್ಲ."

ಶಾಬಾನ್ ಅವನನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿದ. "ನೀನು ಬೆಳಿಗ್ಗೆ ಪಕ್ಕದಲ್ಲೇ ಇದ್ಯಲ್ಲ. ಕೇಳಿಸ್ಲಿಲ್ವಾ?"

ಗಾಳಿ ಜೋರಿತ್ತು, ಕೇಳಿಸಲಿಲ್ಲ ಅಂದೆ.

ಅಂದು ಎಲೆಯೂ ಅಲ್ಲಾಡಿರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಆಮೇಲೆ ಅವನು ನಾಲ್ಕು ವರ್ಷ ಬದುಕಿದ್ದ. ನನ್ನ ಜೊತೆ ಮತ್ತೆ ಮಾತಾಡಲಿಲ್ಲ.