ಸೀದ ಎಣ್ಣೆಯ ಹದ

ನಮ್ಮ ಅತ್ತೆ ಕಣ್ಣೀರು ಹಾಕಿದ್ದು ಮೊಣಕಾಲು ನೋವಿಗಲ್ಲ, ಒಂದು ಪ್ಲಾಸ್ಟಿಕ್ ಚೇರಿಗೆ.

ಮದುವೆಯಾಗಿ ಗೋಣಿಬೀಡಿಗೆ ಬಂದಾಗಿನಿಂದ ಅವರು ಬೆಳಿಗ್ಗೆ ಮಿಂದು, ಮಣೆಯ ಮೇಲೆ ಕೂತು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದವರು. ಎರಡು ತಿಂಗಳಿಂದ ಕಾಲು ಮಡಚಲು ಆಗುತ್ತಿಲ್ಲ. ಚೇರ್ ತಂದಿಟ್ಟೆವು. "ಬಸ್ಸಿಗೆ ಕಾಯೋರ ಥರ ಕೂತ್ಕೊಂಡು ಪೂಜೆ ಮಾಡೋದಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಡಾಕ್ಟರ ಮಾತ್ರೆ ನುಂಗುತ್ತಾರೆ. ಟ್ಯೂಬಿನ ಮುಲಾಮು ಮಾತ್ರ ಬೇಡವಂತೆ. ಅವರ ಅವ್ವ ಮಾಡುತ್ತಿದ್ದ ಲಕ್ಕಿ ಸೊಪ್ಪಿನ ಎಣ್ಣೆಯೇ ಆಗಬೇಕಂತೆ. ಸರಿ, ಮಾಡೋಣ. ಅದೇನು ಬ್ರಹ್ಮವಿದ್ಯೆಯೇ?

"ಸೊಪ್ಪು ಎಷ್ಟು ಹಾಕ್ಬೇಕು ಅತ್ತೆ?"

"ಬೇಕಾದಷ್ಟು."

"ಎಷ್ಟು ಹೊತ್ತು ಕಾಯಿಸ್ಬೇಕು?"

"ಸದ್ದು ನಿಲ್ಲೋ ತನಕ."

(ಡಾಕ್ಟರ ಚೀಟಿ ಓದುವುದೇ ಇದಕ್ಕಿಂತ ಸುಲಭ.)

ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ಎಣ್ಣೆ ಕಾಯಿಸಲೇಬೇಡಿ, ಬಿಸಿಲಿನಲ್ಲಿಡಿ ಎಂದಳು. ಆಲ್ದೂರಿನ ನಾದಿನಿ ಹರಳೆಣ್ಣೆಯೇ ಆಗಬೇಕು ಎಂದಳು. ಮೂಡಿಗೆರೆಯ ಗ್ರಂಧಿಗೆ ಅಂಗಡಿಯವರು ಎಳ್ಳೆಣ್ಣೆ ಕೊಡುತ್ತಾ, "ಬೆಳ್ಳುಳ್ಳಿ, ಓಮ ಹಾಕಿ. ಹಾಕದಿದ್ರೂ ನಡೆಯುತ್ತೆ" ಎಂದರು. ಈಗ ಹಾಕಬೇಕೋ, ಬೇಡವೋ?

ಹಾಕಿದೆ. ಬೇಲಿಯ ಲಕ್ಕಿ ಸೊಪ್ಪು ಅರೆದು ಅದರ ರಸವನ್ನೂ ಸುರಿದೆ. ಬಾಣಲೆ ಚಟಪಟ ಎನ್ನತೊಡಗಿತು. ರಸದ ನೀರೆಲ್ಲ ಆರಿ ಆ ಸದ್ದು ನಿಂತ ಕೂಡಲೇ ಇಳಿಸಬೇಕು ಎಂಬಷ್ಟು ನನಗೆ ಅರ್ಥವಾಗಿತ್ತು. ಆದರೆ ಅದೇ ಹೊತ್ತಿಗೆ ಹಿತ್ತಲಲ್ಲಿ ಪಲ್ಪರ್ ಶುರುವಾಯಿತು. ಕಾಫಿ ಹಣ್ಣು ಸುಲಿಯುವ ಆ ಮಿಷನ್ ಗಡಗಡ ಎಂದರೆ ಪಕ್ಕದಲ್ಲಿದ್ದವರ ಮಾತೇ ಕೇಳಿಸುವುದಿಲ್ಲ, ಇನ್ನು ಎಣ್ಣೆಯ ಮಾತು ಕೇಳಿಸುತ್ತದೆಯೇ? ಬಗ್ಗಿ ಕಿವಿ ಕೊಟ್ಟೆ. ನಿಂತಿತೇ? ಇಲ್ಲವೇ? ಇನ್ನೊಂದು ಸ್ವಲ್ಪ ಇರಲಿ ಎಂದುಕೊಂಡೆ. ಪಲ್ಪರ್ ನಿಂತಾಗ ನೋಡಿದರೆ ಎಣ್ಣೆ ಕಪ್ಪಗಾಗಿತ್ತು, ಮನೆಯೆಲ್ಲ ಸೀದ ವಾಸನೆ.

ನಮ್ಮ ಯಜಮಾನರು ಮೂಸಿ ನೋಡಿ, "ಗೇಟು ಕಿರುಗುಡ್ತಿದೆ, ಅದಕ್ಕೆ ಬಿಡು ಮಾರಾಯ್ತಿ" ಎಂದರು. ಎಸೆಯಲು ಮನಸ್ಸಾಗದೆ ಹಳೇ ಸೀಸೆಗೆ ಸೋಸಿ ಕಿಟಕಿಯಲ್ಲಿಟ್ಟೆ. ಮಾರನೆಯ ದಿನ ಪಲ್ಪರ್ ಶುರುವಾಗುವ ಮೊದಲೇ, ಮೈಯೆಲ್ಲ ಕಿವಿಯಾಗಿ ಮತ್ತೆ ಕಾಯಿಸಿದೆ. ಹಸಿರು ಬಣ್ಣ, ಘಮಘಮ ವಾಸನೆ. ಹೊಸ ಸೀಸೆಯಲ್ಲಿ ತುಂಬಿ ಅತ್ತೆಯ ಮಂಚದ ಪಕ್ಕ ಇಟ್ಟೆ. ದಿನಾ ಬಿಸಿಲಿನಲ್ಲಿ ಕೂತು ಅವರೇ ತಿಕ್ಕಿಕೊಳ್ಳುತ್ತಿದ್ದರು. ಕೊಯ್ಲಿನ ಗಡಿಬಿಡಿಯಲ್ಲಿ ನಾನು ಅತ್ತ ತಿರುಗಿ ನೋಡಲಿಲ್ಲ.

ಮೊನ್ನೆ ಬೆಳಿಗ್ಗೆ ದೇವರ ಕೋಣೆಯ ಮುಂದೆ ಹಾದು ಹೋಗುತ್ತಿದ್ದೆ. ಚೇರ್ ಖಾಲಿ. ಅತ್ತೆ ಮಣೆಯ ಮೇಲಿದ್ದರು. ಒಂದು ಕಾಲು ಮಡಚಿದೆ, ಇನ್ನೊಂದು ಚಾಚಿದೆ, ಅಂಗೈಯಲ್ಲಿ ಲಿಂಗ. ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿದೆ. (ಜೊತೆಗೆ ಸ್ವಲ್ಪ ಜಂಬವೂ ಬಂತು, ಸುಳ್ಳು ಯಾಕೆ ಹೇಳಲಿ?) ಎಣ್ಣೆ ಎಷ್ಟು ಉಳಿದಿದೆ ಎಂದು ನೋಡಲು ಹೋದೆ.

ಹೊಸ ಸೀಸೆ ಕಂಠಮಟ್ಟ ತುಂಬಿತ್ತು. ಕಿಟಕಿಯ ಕಪ್ಪು ಸೀಸೆ ತಳ ಕಂಡಿತ್ತು.

ಪೂಜೆ ಮುಗಿಯುತ್ತಲೇ ಹೋಗಿ ಹೇಳಿದೆ, "ಅತ್ತೆ, ಅದು ಸೀದು ಹೋಗಿರೋ ಎಣ್ಣೆ."

"ಯಾರು ಹೇಳಿದ್ದು? ನಮ್ಮವ್ವನ ಎಣ್ಣೆನೂ ಹೀಗೇ ಕಪ್ಪಗಿರೋದು. ಇದೇ ವಾಸನೆ. ಆ ಹಸಿರದು ನೀನೇ ತಲೆಗೆ ಹಚ್ಕೋ."

"ಸದ್ದು ನಿಂತ ತಕ್ಷಣ ಅವ್ರು ಇಳಿಸ್ತಿರ್ಲಿಲ್ವಾ?"

"ಅವಳಿಗೆಲ್ಲಿ ಪುರುಸೊತ್ತು? ಒಲೆ ಮೇಲಿಟ್ಟು ಕಣದಲ್ಲಿ ಕಾಫಿ ಕೆದಕೋಕೆ ಹೋಗೋಳು. ಬಂದು ನೋಡಿದ್ರೆ ಸದ್ದು ನಿಂತಿರೋದು, ಇಳಿಸೋಳು." ಅತ್ತೆ ಚಾಚಿದ ಕಾಲನ್ನು ಸವರಿಕೊಂಡರು. "ಅಂಥದ್ದೇ ಇನ್ನೊಂದು ಸೀಸೆ ಮಾಡಿಕೊಡು. ಈ ಕಾಲೂ ಮಡಚ್ಬೇಕು ನಂಗೆ."

ಅವರ ಕಾಲು ಮಡಚಿಸಿದ್ದು ಯಾವುದು? ಮಾತ್ರೆಯೇ, ಬಿಸಿಲೇ, ತಿಕ್ಕಿದ್ದೇ, ಅವ್ವನ ಒಲೆಯ ವಾಸನೆಯೇ? ನನಗಂತೂ ಬಗೆಹರಿಯುತ್ತಿಲ್ಲ. ಯಜಮಾನರನ್ನು ಕೇಳಿದರೆ, "ಗೇಟಿಗೆ ಬಿಡದೇ ಇದ್ದದ್ದು ಒಳ್ಳೇದಾಯ್ತು" ಎನ್ನುತ್ತಾರೆ.

ಈ ಸಲದ ಹಣ್ಣು ಮುಗಿದು ಪಲ್ಪರ್ ತೊಳೆದು ಮುಚ್ಚಿಟ್ಟಾಗಿದೆ. ಕಣದ ಕಾಫಿಯೂ ಒಣಗಿ ಮೂಟೆ ಸೇರಿದೆ. ಇಂದು ಬಾಣಲೆಯ ಮುಂದೆ ನಿಂತಿದ್ದೇನೆ. ಚಟಪಟ ನಿಂತದ್ದು ಸ್ಪಷ್ಟವಾಗಿ ಕೇಳಿಸಿತು.

ಸರಿಯಾಗಿ ಸೀಯಲು ಇನ್ನೆಷ್ಟು ಹೊತ್ತು ಬೇಕು, ನಿಮಗೇನಾದರೂ ಗೊತ್ತೇ?