ಮಗ್ಗಗಳು ನಿಂತ ವಾರ

ಇಳಕಲ್ಲಿನ ನಮ್ಮ ನೇಕಾರರ ಓಣಿಗೆ ಜ್ವರ ಬಂದದ್ದು ಮೊದಲು ಕಿವಿಗೆ ತಿಳಿಯುತ್ತದೆ. ಮನೆಯವರು ಮಲಗಿದರೆ ಮಗ್ಗ ನಿಲ್ಲುತ್ತದೆ. ಆಗ ನಾನು ಆರು ತಿಂಗಳ ಬಸುರಿ. ಯಾವ ಮನೆಯ ಮಗ್ಗ ಯಾವತ್ತು ನಿಂತಿತೆಂದು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಓಣಿಯ ಆ ತುದಿಯಲ್ಲಿ ಶುರುವಾದ ಮೌನ ಒಂದೊಂದೇ ಮನೆ ಹಿಡಿದು ಈ ತುದಿಯ ನಮ್ಮ ಮನೆಯ ಕಡೆಗೇ ಬರುತ್ತಿತ್ತು.

ಡಾಕ್ಟರು ಫ್ಲೂ ಲಸಿಕೆ ಹಾಕಿಸಿಕೊಳ್ಳಲು ಹೇಳಿದ್ದರು. ಕುಬಸ, ಅಂದರೆ ಸೀಮಂತ, ಮುಗಿಯುವ ಮೊದಲು ಅತ್ತೆಗೆ ಮನಸ್ಸಿರಲಿಲ್ಲ.

“ಏಳು ತಿಂಗಳದಾಗ ಕುಬಸ ಮಾಡ್ತೇವಲ್ಲ, ಅದು ಮುಗೀಲಿ. ಹಸರ ಬಳಿ ಇಡೋ ಕೈಗೆ ಈಗ್ಯಾಕ ಸೂಜಿ?” ಎಂದರು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ.

“ಜ್ವರ ಕುಬಸದ ತಾರೀಖು ಕೇಳ್ಕೊಂಡು ಬರ್ತೈತೇನ್ರಿ ಅತ್ತಿ?”

“ಮೊದಲ ನಿನ್ನ ಬಾಯಿಗೆ ಸೂಜಿ ಹಾಕಬೇಕು ನೋಡು,” ಎಂದು ನಕ್ಕರು.

ಅಷ್ಟರಲ್ಲಿ ಪಕ್ಕದ ಮನೆಯ ಮಗ್ಗ ನಿಂತಿತು. ಗೋಡೆಯಾಚೆ ಯಾರೋ ಕೆಮ್ಮಿದರು. ಅತ್ತೆಯ ನಗುವೂ ನಿಂತಿತು. ನಾನು ಮತ್ತೆ ಕೇಳಲಿಲ್ಲ. ಚಪ್ಪಲಿ ಮೆಟ್ಟಿ ದವಾಖಾನೆಗೆ ಹೋದೆ.

“ಇದು ಮೈಗೆ ಹತ್ತಾಕ ಎರಡು ವಾರ ಬೇಕ್ರಿ. ಅಲ್ಲೀತನಕ ಹುಷಾರು,” ಎಂದರು ಚುಚ್ಚಿದ ನರ್ಸ್.

ತಿರುಗಿ ಬಂದಾಗ ನಮ್ಮ ಮನೆಯಲ್ಲೂ ಸಪ್ಪಳವಿರಲಿಲ್ಲ. ಅತ್ತೆ ಮಗ್ಗದ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ್ದರು.

“ಒಳಗ ಬರಬ್ಯಾಡ. ತವರಮನಿಗೆ ಹೋಗು,” ಎಂದರು.

ಹೊಸ್ತಿಲಾಚೆಯೇ ನಿಂತೆ. ಇಡೀ ಓಣಿಯಲ್ಲಿ ಬಡಿಯುತ್ತಿದ್ದುದು ನನ್ನ ಹೊಟ್ಟೆಯೊಳಗಿನ ಪುಟ್ಟ ಕಾಲು ಮಾತ್ರ.